ಎಡ ಕೊಡದ ದೇವಿ

1962ನೇ ಇಸವಿ ಡಿಸೆಂಬರ್ ಮೂರು, ಸೋಮವಾರ. ಬೆಳಿಗ್ಗೆ ಒಂಬತ್ತೂ ನಲವತ್ತಕ್ಕೆ ಕೋಡಿಬೈಲು ದೇವಸ್ಥಾನದ ಮೊಕ್ತೇಸರ ಮಹಾಗಣಪತಿ ಹೆಗಡೆಯವರು ಕುಮಟಾ ಠಾಣೆಯ ಮೆಟ್ಟಿಲು ಹತ್ತಿದರು. ಫೌಜದಾರ ಶ್ರೀಕೃಷ್ಣ ನಾಯಕರು ಕೂರಿ ಎಂದರೂ ಕೂರಲಿಲ್ಲ.

"ದೇವಿಯ ಬಲತೋಳು ಮುರಿದು ಹಾಕಿದ್ದಾರೆ."

"ಆಭರಣ?"

"ಎಂತದೂ ಹೋಗಲಿಲ್ಲ. ಮೂಗುತಿ ಸಹಿತ ಇದ್ದು."

"ಮೊದಲು ಕಂಡವರು?"

"ಅರ್ಚಕರು, ಹರಿಹರ ಭಟ್ಟರು. ಆರೂವರೆಗೆ ಪೂಜೆಗೆ ಬಾಗಿಲು ತೆಗೆದಾಗ."

"ಯಾರ ಮೇಲಾದರೂ ಅನುಮಾನ?"

"ಅನುಮಾನ ಎಂತಕ್ಕೆ? ಬೀರಪ್ಪನೇ. ಇಡೀ ಊರಿಗೆ ಗೊತ್ತಿದ್ದು."

ನಾಯಕರು ದಂಡ ಸಂಹಿತೆಯ 295ನೇ ಕಲಮಿನಡಿ ಎಫ್.ಐ.ಆರ್. ಬರೆಸಿದರು. ಬೀರಪ್ಪ ಯಾಕೆ ಎಂದು ಅವರು ಕೇಳಬೇಕಾಗಿರಲಿಲ್ಲ. ಆ ಸುದ್ದಿ ಹಿಂದಿನ ತಿಂಗಳೇ ಠಾಣೆಗೆ ಬಂದಿತ್ತು.

ಕೋಡಿಬೈಲಿನ ದೇವಿ ಪ್ರಸಾದ ಕೇಳುವುದಕ್ಕೆ ಹೆಸರಾದವಳು. ಒದ್ದೆ ಮಾಡಿದ ಸಿಂಗಾರದ, ಅಂದರೆ ಅಡಿಕೆ ಹೂವಿನ, ಎಸಳುಗಳನ್ನು ತುಸು ಗಂಧದಿಂದ ಮೂರ್ತಿಯ ಎರಡೂ ಭುಜಕ್ಕೆ ಅಂಟಿಸಿ ಅರ್ಚಕರು ಪ್ರಶ್ನೆ ಇಡುತ್ತಾರೆ. ಬಲಗಡೆಯದು ಮೊದಲು ಬಿದ್ದರೆ ಹೌದು, ಎಡಗಡೆಯದು ಬಿದ್ದರೆ ಅಲ್ಲ. ಮದುವೆಯಿಂದ ಹಿಡಿದು ಎಮ್ಮೆ ಖರೀದಿಯ ತನಕ ಎಲ್ಲಕ್ಕೂ ಹೊನ್ನಾವರ, ಭಟ್ಕಳದಿಂದ ಕೂಡ ಜನ ಬರುತ್ತಿದ್ದರು. 'ಕೋಡಿಬೈಲಿನವಳು ಎಡ ಕೊಡುವುದೇ ಇಲ್ಲ' ಎಂಬುದು ಸೀಮೆಯ ಮಾತಾಗಿತ್ತು. ಒಳ್ಳೆಯದನ್ನೇ ಹೇಳುವ ದೇವಿಯನ್ನು ಬಿಟ್ಟು ಕೆಟ್ಟದ್ದು ಹೇಳುವ ಡಾಕ್ಟರರ ಹತ್ತಿರ ಯಾರು ಹೋಗುತ್ತಾರೆ?

ಹೊಳೆಯಂಚಿನ ಉಪ್ಪುನೀರಿನ ಗಜನಿ ಗದ್ದೆಯ ಕೂಲಿ ಬೀರಪ್ಪನೂ ಹೋಗಲಿಲ್ಲ. ಅಕ್ಟೋಬರಿನಲ್ಲಿ ಅವನ ಏಳು ವರ್ಷದ ಮಗಳು ನೀಲಾಳಿಗೆ ಹೊಟ್ಟೆನೋವು ಬಂತು. ಇವಳು ಇಲ್ಲೇ ಗುಣವಾಗುವುದಾದರೆ ಬಲ ಕೊಡು ಎಂದು ಕೇಳಿದ. ದೇವಿ ಬಲ ಕೊಟ್ಟಳು. ಮೂರನೇ ದಿನ ಮಗು ತೀರಿಹೋಯಿತು. ಅಂದಿನಿಂದ ಅವನು ದಿನಾ ದೇವಸ್ಥಾನದ ಎದುರು ನಿಂತು, ಒಂದಲ್ಲ ಒಂದು ದಿನ ನಿನ್ನ ಬಲತೋಳು ಮುರಿಯುತ್ತೇನೆ ಎಂದು ಕೂಗಿ ಹೋಗುತ್ತಿದ್ದ. ಕೇಳದವರು ಊರಲ್ಲಿ ಯಾರೂ ಇರಲಿಲ್ಲ.

ಮಧ್ಯಾಹ್ನ ಹನ್ನೆರಡೂ ಕಾಲಕ್ಕೆ ಸ್ಥಳ ಪಂಚನಾಮೆ. ಗರ್ಭಗುಡಿಯೊಳಗೆ ಪೊಲೀಸರು ಕಾಲಿಡುವಂತಿಲ್ಲ, ಪಂಚರೂ ಇಡುವಂತಿಲ್ಲ. ಹೀಗಾಗಿ ನಾಯಕರು ಹೊಸ್ತಿಲಾಚೆ ಕುಕ್ಕುರುಗಾಲಲ್ಲಿ ಕೂತರು, ಒಳಗೆ ಟೇಪು ಹಿಡಿದವರು ಹರಿಹರ ಭಟ್ಟರು. ಅರವತ್ತರ ಆಸುಪಾಸು, ಬಡಕಲು ಮೈ. ಕಾನ್‌ಸ್ಟೇಬಲ್ ರಾಮ ಬರೆದುಕೊಂಡ: ಬಲತೋಳು ಭುಜದಿಂದ ಆರು ಅಂಗುಲ ಕೆಳಗೆ ತುಂಡಾಗಿದೆ. ಪೆಟ್ಟು ಒಂದೇ. ಪಕ್ಕದಲ್ಲಿ ಕಾಯಿ ಒಡೆಯುವ ಕಲ್ಲು.

"ಬೀಗ ಮುರಿದಿಲ್ಲವಲ್ಲ ಭಟ್ರೆ?"

"ರಾತ್ರೆ ಹಾಕುವುದು ಮರೆತುಹೋಗಿತ್ತು."

"ಹಿಂದೆ ಯಾವಾಗಲಾದರೂ ಮರೆತದ್ದುಂಟಾ?"

ಭಟ್ಟರು ಟೇಪು ಸುತ್ತಿ ಹೊಸ್ತಿಲ ಮೇಲಿಟ್ಟರು.

ಎರಡು ಗಂಟೆಗೆ ಬೀರಪ್ಪನನ್ನು ಅವನ ಗುಡಿಸಲಿಂದ ದೇವಸ್ಥಾನದ ಅಂಗಳಕ್ಕೆ ಕರೆತಂದರು. ಅವನ ಹೆಂಡತಿ ಗಂಗಿ ಬಾಗಿಲಲ್ಲಿ ನಿಂತು ನೋಡಿದಳೇ ಹೊರತು ಅಳಲಿಲ್ಲ, ಯಾಕೆ ಎಂದೂ ಕೇಳಲಿಲ್ಲ. ಆ ಮನೆಯಲ್ಲಿ ಅಳುವುದೆಲ್ಲ ಮುಗಿದಿತ್ತು.

"ತೋಳು ಮುರಿದದ್ದು ಯಾರು?"

"ನಾನೇಯ ಸಾಹೇಬ್ರೆ. ಬರ್ಕಳಿ."

ಮೊಕ್ತೇಸರರು, ನೋಡಿದ್ರಾ ಎಂಬಂತೆ ನಾಯಕರ ಕಡೆ ತಿರುಗಿದರು. ರಾಮ ಆಗಲೇ ಲೇಖನಿ ತೆರೆದಿದ್ದ. ಕರೆದೊಡನೆ ಬಂದು ಮಡಿಲಲ್ಲಿ ಕೂತ ತಪ್ಪೊಪ್ಪಿಗೆಯನ್ನು ಕಂಡರೆ ನಾಯಕರಿಗೆ ಮೊದಲಿಂದಲೂ ಅಪನಂಬಿಕೆ.

"ಎಂತದರಿಂದ ಹೊಡೆದೆ?"

"ಕೊಡ್ಲಿ."

"ಎಷ್ಟು ಪೆಟ್ಟು?"

"ಹತ್ತೋ ಹನ್ನೆರ್ಡೋ. ಪುಡಿಪುಡಿ ಮಾಡ್ದೆ."

"ಕೊಡಲಿ ಎಲ್ಲಿ?"

ಬೀರಪ್ಪ, "ನಾ ಮಾಡ್ತೆ ಹೇಳಿ ಕೂಗಿದ್ದಲ್ಲ, ಸಾಕಲ್ಲ ಅಷ್ಟು" ಎಂದ.

ಸಾಕಾಗಿರಲಿಲ್ಲ. ಆದರೂ ಊರಿನವರ ಕೈಗೆ ಅವನನ್ನು ಬಿಟ್ಟುಬರುವಂತಿರಲಿಲ್ಲ. ಠಾಣೆಗೆಂದು ಅವನನ್ನು ದೋಣಿಗೆ ಹತ್ತಿಸಿದರು. ಕೋಡಿಬೈಲಿಗೂ ಕುಮಟೆಯ ರಸ್ತೆಗೂ ನಡುವೆ ಹೊಳೆ, ಹೊಳೆಗೆ ಚೌಡನದೊಂದೇ ದೋಣಿ.

"ಇವತ್ತು ಬೆಳಿಗ್ಗೆಯಿಂದ ಯಾರು ಯಾರು ದಾಟಿದರು?" ನಾಯಕರು ಚೌಡನನ್ನು ಕೇಳಿದರು.

"ಹೆಗಡೇರು ದಾಟಿದ್ರು, ನಿಮ್ಮ ಕಡೆಗೆ. ಅದ್ಕೂ ಮುಂಚೆ ಮಂಜಿ, ಅವ್ಳ ಮಗ್ಳು ಲಕ್ಕಿ. ಮಗ್ಳು ತುಂಬಿದ ಬಸುರಿ, ಹೆರ್ಗೆ ಬ್ಯಾನಿ ಸುರುವಾಗಿತ್ತು. ದೇವಿ ತೋಳು ಮುರ್ದೋಗದ್ಯಂತೆ ಹೇಳಿ ಮಂಜಿ ಅಳ್ತಿತ್ತು."

"ಎಷ್ಟು ಹೊತ್ತಿಗೆ?"

"ಆರಕ್ಕೆ. ಮೂಡ ಕೆಂಪಾಗ್ತಿತ್ತು ಅಷ್ಟೇಯ."

ಎಫ್.ಐ.ಆರಿನಲ್ಲಿ ಬಾಗಿಲು ತೆಗೆದದ್ದು ಆರೂವರೆಗೆ. ನಾಯಕರು ಜೇಬಿನ ಪುಸ್ತಕದಲ್ಲಿ ಎರಡು ಹೊತ್ತುಗಳನ್ನೂ ಒಂದರ ಕೆಳಗೊಂದು ಬರೆದರು.

ಸಂಜೆ ಆರಕ್ಕೆ ಕುಮಟೆಯ ದವಾಖಾನೆಯಲ್ಲಿ ಮಂಜಿಯ ಹೇಳಿಕೆ. ಲಕ್ಕಿಗೆ ನಾಲ್ಕು ಗಂಟೆಗೆ ಗಂಡುಮಗು. ಕೂಸು ಅಡ್ಡಲಾಗಿತ್ತು, ಒಂದು ಹೊತ್ತು ತಡವಾಗಿದ್ದರೆ ಇಬ್ಬರೂ ಇರುತ್ತಿರಲಿಲ್ಲ ಎಂದು ಡಾಕ್ಟರು ಹೇಳಿದರು.

"ದೇವಿ ತೋಳಿನ ಸುದ್ದಿ ನಿನಗೆ ಹೇಳಿದ್ದು ಯಾರು?"

"ಭಟ್ರೇಯ. ಕತ್ಲಲ್ಲೇ ನಮ್ಮನಿ ಬಾಗ್ಲಿಗೆ ಓಡಿಬಂದಿದ್ರು. ಮೂರ್ತಿ ಭಿನ್ನ ಆಗೋಯ್ತು, ನಿನ್ನೆ ಕೊಟ್ಟ ಪ್ರಸಾದ ಲೆಕ್ಕಕ್ಕಿಲ್ಲ, ಮಗ್ಳನ್ನ ದೋಣಿ ಹತ್ಸು ಅಂದ್ರು."

"ನಿನ್ನೆ ಎಂತ ಕೇಳಿದ್ದೆ?"

"ಹೆರ್ಗೆ ಮನೇಲೇ ಆಗೂದಾರೆ ಬಲ ಕೊಡು ಹೇಳಿ. ಮೊದ್ಲು ಎಡ ಬಿತ್ತು. ನಮ್ಮ ದೇವಿ ಎಡ ಕೊಡೂದುಂಟಾ? ಭಟ್ರಿಗೇ ಎಂತೋ ಮೈಲಿಗೆ ಆಗೋಯ್ತು ಹೇಳಿ ಮತ್ತೊಂದ್ಸಲ ಮೀಯ್ಸಿ ಕೇಳ್ಸಿದ್ವಿ. ಆಗ್ಲೂ ಎಡ. ನಾವು ಬಿಡ್ಲಿಲ್ಲ. ಮೂರ್ನೇ ಸಲ ಬಲ ಬಿತ್ತು." ಮಂಜಿ ಒಳಗೆ ಮಲಗಿದ್ದ ಮಗಳ ಕಡೆ ನೋಡಿ ಕೈಮುಗಿದಳು. "ದೇವಿ ಬಲ ಕೊಟ್ಟಿದ್ಲಲ್ಲ, ಅದ್ಕೇ ಉಳೀತು ನಮ್ಮ ಲಕ್ಕಿ."

ನಾಯಕರು ಅದನ್ನೂ ಬರೆದುಕೊಂಡರು. ಬರೆದ ಮೇಲೆ ಅವರಿಗೆ ಕೆಟ್ಟ ದಣಿವಾಯಿತು. ಇಂಥ ನಂಬಿಕೆಯ ಎದುರು ನಿಂತು ಎಂತ ಮಾತಾಡುವುದು?

ಡಿಸೆಂಬರ್ ನಾಲ್ಕು, ಬೆಳಿಗ್ಗೆ ಎಂಟು ಗಂಟೆ. ಹರಿಹರ ಭಟ್ಟರು ತಮ್ಮ ಮನೆಯ ಜಗುಲಿಯಲ್ಲಿ ಶಲ್ಯ ಹೊದ್ದು, ಹೊರಡಲು ತಯಾರಾದವರಂತೆ ಕೂತಿದ್ದರು.

"ಮಂಜಿಯ ಮನೆಗೆ ಹೋದದ್ದು ಎಷ್ಟು ಹೊತ್ತಿಗೆ?"

"ಐದಾಗಿತ್ತು."

"ಬಾಗಿಲು ತೆಗೆದದ್ದು ಆರೂವರೆಗೆ ಎಂದು ಹೆಗಡೆಯವರಿಗೆ ಹೇಳಿದಿರಿ."

"ಹೌದು."

"ಬೀರಪ್ಪ ನಾನೇ ಮಾಡಿದೆ ಅಂತಾನೆ. ನಾನು ಬರೆದುಕೊಂಡರೆ ಅವನಿಗೆ ಎರಡು ವರ್ಷ ಸಜೆ."

"ಅವ ಅಲ್ಲ. ಅವನ ಬಿಟ್ಟುಬಿಡಿ. ಲಕ್ಕಿ ಎಂತಾತು, ಅದನ್ನು ಮೊದಲು ಹೇಳಿ."

"ಇಬ್ಬರೂ ಉಳಿದರು."

ಮುದುಕ ಕಂಬಕ್ಕೆ ಒರಗಿ ಅತ್ತ. ಅತ್ತು ಮುಗಿದ ಮೇಲೆ ಕೇಳಿದ್ದಕ್ಕೆಲ್ಲ ಉತ್ತರ ಕೊಟ್ಟ.

ಎಡಭುಜಕ್ಕೆ ಗಂಧವನ್ನು ತುಸು ದಪ್ಪ ಹಚ್ಚಿದರೆ ಎಸಳು ಬೀಳುವುದಿಲ್ಲ. ಅವರ ಅಪ್ಪ ಕಲಿಸಿದ್ದು. ಬಂದವರನ್ನು ಬೇಜಾರು ಮಾಡಿ ಕಳಿಸಬಾರದು ಎಂದಷ್ಟೇ ಹೇಳಿದ್ದರಂತೆ. ಮೂವತ್ತು ವರ್ಷ ಯಾರಿಗೂ ಕೇಡಾಗಲಿಲ್ಲ, ಬದಲಿಗೆ ಕೀರ್ತಿ ಬಂತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ನಾಯಕರು ಕೇಳಿದ್ದರು. ಇಲ್ಲಿ ದೇವರು ಕೊಡದ್ದನ್ನೂ ಪೂಜಾರಿಯೇ ಕೊಡುತ್ತ ಬಂದಿದ್ದ.

"ಬೀರಪ್ಪನಿಗೂ ಹಾಗೇ ಮಾಡಿದಿರಾ?"

"ಅವನ ಮೊದಲ ಮಗು ದವಾಖಾನೆಯಲ್ಲೇ ಹೋದದ್ದು. ಅಲ್ಲಿಗೆ ಕಳಿಸಬೇಡ ತಾಯೀ ಅಂತ ಗಡಗಡ ನಡುಗುತ್ತಿದ್ದ. ಅವನ ಮೋರೆ ನೋಡಿ ಗಂಧ ಹಚ್ಚಿದೆ. ಹೊಟ್ಟೆನೋವು, ಕಷಾಯಕ್ಕೆ ಹೋದೀತು ಅಂದುಕೊಂಡೆ."

"ಆಮೇಲೆ?"

"ಆಮೇಲೆ ಎಡಕ್ಕೆ ದಪ್ಪ ಗಂಧ ಹಚ್ಚುವುದು ಬಿಟ್ಟೆ. ಮಂಜಿ ಬಂದಾಗ ನಾನೇ ಬಲಗಡೆ ಗಂಧ ದಪ್ಪ ಹಚ್ಚಿದೆ, ಎಡ ಬೀಳಲಿ ಹೇಳಿ. ಬಿತ್ತು. ಅವರು ಒಪ್ಪಲಿಲ್ಲ. ಮೂರನೇ ಸಲ ಗಂಧದ ಬಟ್ಟಲನ್ನೇ ಕಸಿದು, ನೀರಿಂದ ಅಂಟಿಸಿ ಅಂದರು." ಅಲ್ಲಿಂದ ಮುಂದೆ ಭಟ್ಟರಿಗೆ ಫೌಜದಾರರ ಎದುರು ಆಡುವ ಕನ್ನಡ ಮರೆತು ಮನೆಮಾತು ಬಂತು. "ದೇವಿ ಹೇಳಿದ್ದಲ್ಲ, ಆನೇ ಗಂಧ ಹಚ್ಚಿ ಮಾಡಿದ್ದು ಹೇಳಿದ್ರೆ ಜನ ನಂಬ್ತ್ವಿಲ್ಲೆ. ಮೂರ್ತಿ ಭಿನ್ನ ಆದ್ರೆ ಮತ್ತೆ ಯಾರೂ ಕೇಳ್ತ್ವಿಲ್ಲೆ. ಎರಡೂ ತೋಳು ಮುರಿಯವು ಹೇಳಿ ಹೋಗಿದ್ದಿ. ಎರಡನೇ ಪೆಟ್ಟು ಹಾಕಲೆ ಕೈ ಎದ್ದಿದ್ದಿಲ್ಲೆ."

ಎಂಟೂ ಐವತ್ತಕ್ಕೆ ದಸ್ತಗಿರಿ. ಧರ್ಮವನ್ನು ಅವಮಾನಿಸುವ ಉದ್ದೇಶದಿಂದ ಎನ್ನುತ್ತದೆ 295ನೇ ಕಲಮು. ಆ ಉದ್ದೇಶ ಈ ಮನುಷ್ಯನಲ್ಲಿ ಎಲ್ಲಿದೆ ಎಂದು ನಾಯಕರಿಗೆ ಕಾಣಲಿಲ್ಲ. ಅದನ್ನು ಕೋರ್ಟು ಹುಡುಕಿಕೊಳ್ಳಲಿ ಎಂದು ಸಹಿ ಹಾಕಿದರು. ದೋಣಿಯ ಹತ್ತಿರ ಮೊಕ್ತೇಸರರು ಬಂದು, ಬರುವ ಚೈತ್ರದೊಳಗೆ ಹೊಸ ಮೂರ್ತಿ ಪ್ರತಿಷ್ಠೆ ಮಾಡುತ್ತೇವೆ, ಪ್ರಸಾದ ನಿಲ್ಲುವುದಿಲ್ಲ, ಜನರಿಗೆ ಹೇಳಿ ಎಂದರು. ಭಟ್ಟರು ಅದನ್ನು ಕೇಳಿಸಿಕೊಂಡು ದೋಣಿಯಲ್ಲಿ ತಲೆ ತಗ್ಗಿಸಿ ಕೂತರು.

ಹನ್ನೊಂದಕ್ಕೆ ನಾಯಕರು ಲಾಕಪ್ಪಿನ ಬಾಗಿಲು ತೆಗೆಸಿ ಬೀರಪ್ಪನನ್ನು ಹೊರಗೆ ಕರೆದರು. ಗಂಧದ ವಿಷಯ ಹೇಳದೆ ಕಳಿಸಿಬಿಡಬಹುದಿತ್ತು. ಆದರೆ ನಾಳೆ ಊರೇ ಹೇಳುತ್ತದೆ, ಉಪ್ಪು ಖಾರ ಹಚ್ಚಿ ಹೇಳುತ್ತದೆ. ಅದಕ್ಕೇ ಅವನನ್ನು ಬೆಂಚಿನ ಮೇಲೆ ಕೂರಿಸಿ ತಾವೇ ಎಲ್ಲ ಹೇಳಿದರು. ಬೀರಪ್ಪ ಕೊನೆಯ ತನಕ ಕೇಳಿದ.

"ಹಂಗಾರೆ ದೇವಿ ಎಂತೂ ಹೇಳ್ಳೇ ಇಲ್ವಾ ಸಾಹೇಬ್ರೆ?"

"ಇಲ್ಲ."

"ಸುಳ್ಳೂ ಹೇಳ್ಳಿಲ್ವಾ?"

ನಾಯಕರು ಇಲ್ಲವೆಂದು ತಲೆಯಾಡಿಸಿದರು.

"ನಾ ಇಷ್ಟು ದಿನ ಅವ್ಳ ಸಂಗ್ಡ ಜಗಳಾಡ್ತಾ ಇದ್ದೆ" ಎಂದ ಬೀರಪ್ಪ. "ದಿನಾ ಹೋಗಿ ಬೈದು ಬರ್ತಿದ್ದೆ. ಬೈದ್ರೆ ರಾತ್ರಿಗೆ ಒಂಚೂರು ನಿದ್ದಿ ಬರ್ತಿತ್ತು. ಇನ್ನು ಯಾರಿಗೆ ಬೈಲಿ? ಭಟ್ರು ನನ್ನ ಮೋರೆ ನೋಡಿ ಗಂಧ ಹಚ್ಚಿದ್ದು ಅಂದ್ರಿ. ಕೇಳೂಕೆ ಹೋದವ ನಾನೇಯ, ಹೆದರ್ದವ್ನೂ ನಾನೇಯ."

ರಾಮ ತಂದಿಟ್ಟ ಚಹಾವನ್ನು ಅವನು ಮುಟ್ಟಲಿಲ್ಲ. ಮಿರ್ಜಾನದ ಬಸ್ಸು ಬಂದಿದೆ, ಮನೆಗೆ ಹೋಗು, ಗಂಗಿ ಕಾಯುತ್ತಿರುತ್ತಾಳೆ ಎಂದು ನಾಯಕರು ಹೇಳಿದರು. ಬೀರಪ್ಪ ಎದ್ದು ಎರಡು ಮೆಟ್ಟಿಲು ಇಳಿದು, ಮತ್ತೆ ತಿರುಗಿ ಬಂದು ಮೇಜಿನ ಮುಂದೆ ನಿಂತ.

"ಗಂಗಿಗೆ ಎಂತ ಹೇಳ್ಲಿ?" ಎಂದು ಕೇಳಿದ.

ಇಪ್ಪತ್ತೊಂದು ವರ್ಷದ ನೌಕರಿಯಲ್ಲಿ ಪ್ರಶ್ನೆ ಕೇಳುವುದೇ ನಾಯಕರ ಕೆಲಸವಾಗಿತ್ತು. ಹೊರಗೆ ಬಸ್ಸು ಎರಡು ಸಲ ಹಾರನ್ ಹೊಡೆದು ಹೊರಟುಹೋಯಿತು, ಬೀರಪ್ಪ ಇನ್ನೂ ಮೇಜಿನ ಮುಂದೆಯೇ ನಿಂತಿದ್ದ.