ತಿದ್ದಿದ ಹಲಗೆ

ದೂರು ಠಾಣೆಗೆ ಬಂದದ್ದು ಭಾನುವಾರ ಬೆಳಿಗ್ಗೆ ಏಳೂವರೆಗೆ, ಫೋನಿನಲ್ಲಿ. ಕೆರೆ ದಂಡೆಯ ಆರೋಗ್ಯಧಾಮದ ಮಾಲೀಕ ಏದುಸಿರು ಬಿಡುತ್ತ ಹೇಳಿದ: ಸೌನಾ ಮನೆ ಸುಟ್ಟುಹೋಗಿದೆ, ಜೀವಕ್ಕೆ ಅಪಾಯವಾಗಿಲ್ಲ, ಮಾಡಿದ್ದು ಯಾರೆಂದು ತನಗೆ ಗೊತ್ತು.

ಇನ್ಸ್‌ಪೆಕ್ಟರ್ ರೈಟರಮ್ಮನನ್ನು ಕರೆದುಕೊಂಡು ಜೀಪು ಹತ್ತಿದರು. ಠಾಣೆಯ ಬರವಣಿಗೆಯೆಲ್ಲ ಆ ಮಹಿಳಾ ಕಾನ್‌ಸ್ಟೇಬಲ್‌ದೇ ಆದ್ದರಿಂದ ಅವಳಿಗೆ ಆ ಹೆಸರು. ಬರೆಯುವ ವೇಗ ಚೆನ್ನಾಗಿತ್ತು. ಕಾಗುಣಿತದ ವಿಷಯ ಮಾತ್ರ ಯಾರೂ ಎತ್ತುತ್ತಿರಲಿಲ್ಲ.

"ಏನ್ಸಾರ್ ಆ ಆರೋಗ್ಯಧಾಮದೋರ ವಾರಾಂತ್ಯದ ಚಿಕಿತ್ಸೆ ಅಂದ್ರೆ?" ದಾರಿಯಲ್ಲಿ ಅವಳು ಕೇಳಿದಳು.

"ಸೌನಾ ಅಂತ, ಕಾದ ಕಲ್ಲಿನ ಕೋಣೇಲಿ ಕೂತು ಬೆವರೋದು. ಹೊರಗೆ ಬಂದು ತಣ್ಣೀರಿನ ತೊಟ್ಟೀಲಿ ಕುತ್ತಿಗೆವರೆಗೆ ಮುಳುಗೋದು. ಆಮೇಲೆ ಮರದ ಕೆಳಗೆ ಸುಮ್ಮನೆ ಕೂರೋದು."

"ದುಡ್ಡು ಕೊಟ್ಟು ಬೇಯೋದು, ದುಡ್ಡು ಕೊಟ್ಟು ನಡುಗೋದು. ನಮ್ಮ ಲಾಕಪ್ಪಲ್ಲಿ ಎರಡೂ ಪುಕ್ಕಟೆ."

ಮರಗಳ ನಡುವೆ ಸೌನಾ ಮನೆಯ ನಾಲ್ಕು ಕರಿ ಕಂಬಗಳಷ್ಟೇ ನಿಂತಿದ್ದವು. ನಡುವೆ ಕಬ್ಬಿಣದ ಒಲೆ, ಅದರ ಮೇಲೆ ಕಲ್ಲುಗಳು ಇನ್ನೂ ಬಿಸಿಯಾಗಿದ್ದವು. ಮಾಲೀಕ ಬೆರಳು ತೋರಿಸಿದ್ದು ಕಟ್ಟಿಗೆ ರಾಶಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ ಒಬ್ಬ ವಯಸ್ಸಾದವನ ಕಡೆಗೆ. ಒಲೆ ನೋಡಿಕೊಳ್ಳುವವನು. ಎಲ್ಲರೂ ಕೆಂಡಣ್ಣ ಎನ್ನುತ್ತಿದ್ದರು.

"ಮುಂದಿನ ತಿಂಗಳಿಂದ ಬರಬೇಡ, ವಿದ್ಯುತ್ ಒಲೆ ಹಾಕಿಸ್ತೀನಿ ಅಂತ ನಿನ್ನೆ ಹೇಳಿದ್ದೆ ಸಾರ್. ಹೊಟ್ಟೆಕಿಚ್ಚು. ಇಲ್ಲಿ ತಂದು ಸುರಿದಿದಾನೆ."

"ಬೆಂಕಿ ಮೊದಲು ನೋಡಿದ್ದು ಯಾರು?"

"ಒಬ್ಬರು ಅತಿಥಿ. ಕನ್ನಡಕದ ಅಂಗಡೀಲಿ ಕೆಲಸ ಮಾಡೋರು. ಅವರು ಕೂಗಿದ್ದಕ್ಕೇ ನಾವೆಲ್ಲ ಎದ್ದದ್ದು."

ಇನ್ಸ್‌ಪೆಕ್ಟರ್ ಕೆಂಡಣ್ಣನ ಮುಂದೆ ಬಾಗಿದರು. "ಏನಪ್ಪಾ?"

"ರಾತ್ರಿ ಒಲೆ ಆರಿಸಿ, ಹಲಗೆ ಒರೆಸಿ ಮಲಗಿದೋನು ಸಾರ್. ಕೂಗು ಕೇಳಿ ಎದ್ದೆ. ಅಷ್ಟೇ."

"ಯಾವ ಹಲಗೆ?"

ಬೆಂಕಿ ಮುಟ್ಟದಷ್ಟು ದೂರದಲ್ಲಿ, ದಾರಿಯ ಪಕ್ಕದ ಕಂಬಕ್ಕೆ ಒಂದು ಕರಿ ಹಲಗೆ ಬಡಿದಿದ್ದರು. ಕಲ್ಲು ಬಿಸಿಯಾಗುತ್ತಿರುವಾಗ ಕೆಂಡಣ್ಣ ಅದರ ಮೇಲೆ 'ಕಾಯುತ್ತಿದೆ' ಎಂದು ಸೀಮೆಸುಣ್ಣದಲ್ಲಿ ಬರೆಯುತ್ತಿದ್ದ. ಸಿದ್ಧವಾದಾಗ 'ಕಾದಿದೆ'. 'ಕಾದಿದೆ' ಎಂದು ಕಾಣುವವರೆಗೆ ಯಾರೂ ಬಾಗಿಲು ತೆಗೆಯುವಂತಿರಲಿಲ್ಲ. ಒಳಗೆ ಕೂತವರು ಮಾತಾಡುವಂತಿರಲಿಲ್ಲ. ಎರಡೇ ನಿಯಮ.

ಈಗ ಹಲಗೆಯ ಮೇಲೆ 'ಕಾಯುತ್ತಿದೆ' ಎಂದಿತ್ತು.

"ಇದು ನನ್ನ ಅಕ್ಷರ ಅಲ್ಲ ಸಾರ್," ಎಂದ ಕೆಂಡಣ್ಣ.

"ಎಲ್ಲರೂ ಹಂಗೇ ಅಂತಾರೆ," ಎಂದ ಮಾಲೀಕ. "ಜೀಪಿಗೆ ಹತ್ತಿಸಿ ಸಾರ್."

ಇನ್ಸ್‌ಪೆಕ್ಟರ್ ಹಲಗೆಗೆ ಮುಖ ಹತ್ತಿರ ತಂದು ನೋಡಿದರು. 'ಕಾಯುತ್ತಿ' ದುಂಡಗೆ, ದೊಡ್ಡದಾಗಿತ್ತು. ಕೊನೆಯ 'ದೆ' ಮಾತ್ರ ಸಣ್ಣದು, ನೆಟ್ಟಗೆ, ಅಚ್ಚು ಹಾಕಿದಂತೆ. ಅದರ ಹಿಂದೆ ಬಲಕ್ಕೆ ಉದ್ದಕ್ಕೂ ಸುಣ್ಣ ಒರೆಸಿದ ಬಿಳಿ ಮಬ್ಬು. ಬರೆದವರು ಒಬ್ಬರು, ತಿದ್ದಿದವರು ಇನ್ನೊಬ್ಬರು.

ಎಂಟೂ ಮುಕ್ಕಾಲಿಗೆ ಪಂಚನಾಮೆ ಶುರುವಾಯಿತು. ಒಲೆಯೊಳಗೆ ಬಾಯಿವರೆಗೆ ತುಂಬಿದ್ದ ಕಟ್ಟಿಗೆಯ ಬೂದಿ, ಕಲ್ಲುಗಳಿಗೆ ಅಂಟಿದ್ದ ಸುಟ್ಟ ಟವೆಲಿನ ಚೂರು, ಹಲಗೆಯ ಫೋಟೊ ದಾಖಲಾದವು. ಆಮೇಲೆ ಇನ್ಸ್‌ಪೆಕ್ಟರ್ ಜಗಲಿಯ ಮೇಲೆ ಬಿಳಿ ನಿಲುವಂಗಿ ತೊಟ್ಟು ಮುದುರಿ ಕೂತಿದ್ದ ಅತಿಥಿಗಳ ಕೈಗೆ ಒಂದೊಂದು ಹಾಳೆ ಕೊಟ್ಟು 'ಕಾಯುತ್ತಿದೆ' ಎಂದು ಬರೆಸಿದರು.

"ಶಾಲೆಗೆ ಹೋದಂಗಾಯ್ತು," ಎಂದರು ಒಬ್ಬ ಹಲ್ಲಿನ ಡಾಕ್ಟರು.

ಅಚ್ಚಿನಂಥ 'ದೆ' ಮೂರನೆಯ ಹಾಳೆಯಲ್ಲೇ ಸಿಕ್ಕಿತು. ಬರೆದವನು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವನು. ತೆಳ್ಳಗಿನ ಮನುಷ್ಯ. ನಿಲುವಂಗಿಯ ಜೇಬಿನಲ್ಲೂ ಪೆನ್ನು ಸಿಕ್ಕಿಸಿಕೊಂಡಿದ್ದ.

"ಹಲಗೆ ಮೇಲಿರೋದು ನಿಮ್ಮ ಅಕ್ಷರವಾ?"

"ಕೊನೇದು ಮಾತ್ರ."

"ಯಾವಾಗ ಬರೆದ್ರಿ?"

"ಬೆಳಕು ಹರೀತಿತ್ತು. ನಾನು ಯಾವಾಗಲೂ ಎಲ್ಲರಿಗಿಂತ ಮೊದಲೇ ಏಳ್ತೀನಿ. ಸೌನಾ ಆಗಿದೆಯೇನೋ ಅಂತ ನೋಡೋಕೆ ಹೋದೆ. ಹಲಗೇಲಿ ತಪ್ಪಿತ್ತು. ತಿದ್ದಿದೆ. ವಾಪಸ್ ಬಂದು ಮಲಗಿದೆ."

"ಬಾಗಿಲು ತೆಗೀಲಿಲ್ವಾ?"

"ಕಾಯುತ್ತಿದೆ ಅಂದ್ರೆ ಇನ್ನೂ ಆಗಿಲ್ಲ ಅಂತ. ನಿಯಮ ಇದೆಯಲ್ಲ."

"ಏನು ತಪ್ಪಿತ್ತು?"

"ಕಾಯುತ್ತಿದ್ದೇನೆ ಅಂತ ಬರೆದಿದ್ರು. ಒಲೆ ಎಲ್ಲಾದ್ರೂ 'ನಾನು' ಅನ್ನತ್ತಾ ಸಾರ್?"

ಹಲ್ಲಿನ ಡಾಕ್ಟರು ನಕ್ಕರು. ಮಾಲೀಕನೂ ನಕ್ಕ. ಇನ್ಸ್‌ಪೆಕ್ಟರ್ ನಗಲಿಲ್ಲ. ಜಗಲಿಯ ತುದಿಯಲ್ಲಿ, ಹಾಳೆಯನ್ನು ಖಾಲಿಯೇ ಇಟ್ಟುಕೊಂಡು ಕೂತಿದ್ದ ಕನ್ನಡಕದಂಗಡಿಯ ಹೆಂಗಸನ್ನು ನೋಡುತ್ತಿದ್ದರು. ಅವಳ ಕೂದಲು ಇನ್ನೂ ಒಣಗಿರಲಿಲ್ಲ.

"ಒಲೆ ಬರೀಲಿಲ್ಲ ರೀ," ಎಂದಳು ಅವಳು. "ನಾನು ಬರೆದೆ."

ಕರಡು ತಿದ್ದುವವನು ತಿರುಗಿದ.

"ನಿಮಗೆ ಇವರು ಏನಾಗ್ಬೇಕು?" ಇನ್ಸ್‌ಪೆಕ್ಟರ್ ಅವನನ್ನು ಕೇಳಿದರು.

"ಹೆಂಡತಿ. ಎರಡು ವರ್ಷದಿಂದ ಬೇರೆ ಇದೀವಿ."

"ಹೆಂಡತಿ ಅಕ್ಷರ ಗುರುತು ಸಿಗಲಿಲ್ವಾ?"

ಅವನು ತನ್ನ ಬೆರಳುಗಳನ್ನು ನೋಡಿಕೊಂಡ. ತೋರುಬೆರಳಿನ ತುದಿಯಲ್ಲಿ ಇನ್ನೂ ಸುಣ್ಣ ಇತ್ತು. "ತಪ್ಪು ಕಂಡ್ರೆ ನನಗೆ ಬೇರೇನೂ ಕಾಣಲ್ಲ ಸಾರ್."

ಒಲೆ ಹಚ್ಚಿದ್ದೂ ತಾನೇ ಎಂದು ಅವಳು ಒಪ್ಪಿಕೊಂಡಳು. ಕೆಂಡಣ್ಣನನ್ನು ಬಿಟ್ಟರು. ರೈಟರಮ್ಮ ಹೆಂಗಸಿನ ಪಕ್ಕ ಹೋಗಿ ನಿಂತಳು. ಬಂಧನದ ವಿಷಯ ತಿಳಿಸಿದಾಗ ಆಕೆ ತಲೆಯಾಡಿಸಿ, ಬಟ್ಟೆ ಬದಲಾಯಿಸಿ ಬಂದಳು. ಜೀಪು ಹತ್ತುವಾಗ ಕೆಂಡಣ್ಣ ಓಡಿಬಂದ.

"ಅಲ್ಲಮ್ಮಾ, ನನ್ನ ಎಬ್ಬಿಸಿದ್ರೆ ನಾನೇ ಹಚ್ಚಿಕೊಡ್ತಿದ್ದೆನಲ್ಲ. ಹಿಂದೆ ನೀವಿಬ್ಬರೂ ಬಂದಾಗ ಹಚ್ಚಿಕೊಟ್ಟಿರಲಿಲ್ವಾ?"

ಅವಳು ಎರಡೂ ಕೈ ಮುಗಿದಳು.

ಠಾಣೆಯಲ್ಲಿ ಎಫ್‌ಐಆರ್ ಆಯಿತು: ಬೆಂಕಿಯ ವಿಷಯದಲ್ಲಿ ನಿರ್ಲಕ್ಷ್ಯ, ಆಸ್ತಿ ನಷ್ಟ. ಜಾಮೀನು ಸಿಗುವ ಅಪರಾಧ. ಇನ್ಸ್‌ಪೆಕ್ಟರ್ ಕೇಳುತ್ತ ಹೋದರು, ರೈಟರಮ್ಮ ಹೇಳಿಕೆ ಬರೆದುಕೊಂಡಳು.

"ಕೆಂಡಣ್ಣನ ಮೇಲೆ ಹೊರಿಸಿದಾಗ ಬಾಯಿ ಯಾಕೆ ಬಿಡಲಿಲ್ಲ?"

"ಬಿಟ್ಟಿದ್ರೆ ಹಲಗೇಲಿ ಏನು ಬರೆದೆ ಅಂತಾನೂ ಹೇಳ್ಬೇಕಿತ್ತು. ಅವರೆದುರಿಗೆ. ಅದಕ್ಕೆ ಧೈರ್ಯ ಬರಲಿಲ್ಲ. ಕೆಂಡಣ್ಣನಿಗೆ ಅನ್ಯಾಯ ಮಾಡಿದೆ."

"ಶನಿವಾರವೇ ಮಾತಾಡಬಹುದಿತ್ತಲ್ಲ?"

"ಅವರೂ ಬಂದಿರ್ತಾರೆ ಅಂತ ನನಗೆ ಗೊತ್ತಿರಲಿಲ್ಲ. ಒಳಗೆ ಮಾತಿಲ್ಲ. ಹೊರಗೆ ಅವರೇ ತಪ್ಪಿಸಿಕೊಂಡು ಓಡಾಡ್ತಿದ್ರು. ಸೌನಾದಲ್ಲಿ ಎದುರಿಗೇ ಕೂತಿದ್ರು. ಒಂದ್ಸಲ ನಕ್ಕಂಗಾಯ್ತು. ನನ್ನ ನೋಡಿ ನಕ್ಕಿದ್ದೋ, ಕಣ್ಣಿಗೆ ಬೆವರು ಹೋಗಿದ್ದೋ, ಗೊತ್ತಾಗಲಿಲ್ಲ. ರಾತ್ರಿಯೆಲ್ಲ ಅದನ್ನೇ ಯೋಚಿಸಿದೆ. ಅವರು ಮೊದಲು ಏಳ್ತಾರೆ ಅಂತ ಗೊತ್ತಲ್ಲ. ಒಲೆ ಹಚ್ಚಿ, ಬರೆದು, ಒಳಗೆ ಕೂತೆ. ಅವರಿಗಾಗಿ ಕಾಯುತ್ತಿದ್ದೆ."

"ಆಮೇಲೆ?"

"ಹೆಜ್ಜೆ ಸದ್ದು ಹಲಗೆ ಹತ್ರ ಬಂತು. ನಿಂತಿತು. ವಾಪಸ್ ಹೋಯ್ತು." ಅವಳು ಮೂಗು ಒರೆಸಿಕೊಂಡಳು. "ಓದಿಯೂ ಹೋದ್ರು ಅಂದ್ಕೊಂಡೆ. ಟವೆಲ್ ಎಲ್ಲಿ ಬಿಸಾಕಿದೆನೋ ನೆನಪಿಲ್ಲ. ಎದ್ದು ಹೋಗಿ ತಣ್ಣೀರಲ್ಲಿ ಕೂತೆ. ಮೈ ಮರಗಟ್ಟೋವರೆಗೆ ಕೂತೆ. ತಲೆ ಎತ್ತಿದಾಗ ಹೊಗೆ."

"ಬೇರೆ ಆಗಿದ್ದು ಯಾಕೆ ಅಕ್ಕಾ?" ರೈಟರಮ್ಮ ಪೆನ್ನು ಕೆಳಗಿಟ್ಟು ಕೇಳಿದಳು. ಅದು ಕೇಳಲೇಬೇಕಾದ ಪ್ರಶ್ನೆಯೇನೂ ಆಗಿರಲಿಲ್ಲ.

"ದೊಡ್ಡ ಜಗಳ ಏನಿಲ್ಲಮ್ಮ. ಮನೆ ಬಿಟ್ಟು ಹೋಗೋವಾಗ ಒಂದು ಚೀಟಿ ಬರೆದಿಟ್ಟಿದ್ದೆ. ಅದರಲ್ಲೂ ಎರಡು ತಪ್ಪು ಅಂತ ಮೆಸೇಜ್ ಮಾಡಿದ್ರು."

ಅವಳಿಗೇ ನಗು ಬಂತು. ನಕ್ಕು, ಸೆರಗಿನಿಂದ ಕಣ್ಣೊತ್ತಿಕೊಂಡಳು.

ಮೂರು ಗಂಟೆಗೆ ಕರಡು ತಿದ್ದುವವನು ಠಾಣೆಗೆ ಬಂದ. ಯಾರೂ ಕರೆದಿರಲಿಲ್ಲ. ಜಾಮೀನಿಗೆ ತಾನು ನಿಲ್ಲುತ್ತೇನೆ ಎಂದ. ಕೈಯಲ್ಲಿ, ಅವಳು ತೊಟ್ಟಿಯ ಬಳಿ ಬಿಟ್ಟುಬಂದ ಕನ್ನಡಕ ಇತ್ತು. ಒರೆಸಿ ತಂದಿದ್ದ. ಅವಳು ಕೈ ಚಾಚಿ ತೆಗೆದುಕೊಂಡಳು.

"ಸಹಿ ಹಾಕೋ ಮುಂಚೆ ಹೇಳಿಕೆ ಓದಬಹುದಾ? ಅವಳು ಒಪ್ಪಿದ್ರೆ," ಎಂದ.

ಅವಳು ತಲೆಯಾಡಿಸಿದಳು. ಇನ್ಸ್‌ಪೆಕ್ಟರ್ ಹಾಳೆ ಮುಂದೆ ತಳ್ಳಿದರು.

ಅವನು ಓದಿದ. ಓದುತ್ತ ಓದುತ್ತ ಕೈ ತಾನಾಗಿ ಜೇಬಿಗೆ ಹೋಗಿ ಪೆನ್ನು ತೆಗೆಯಿತು. ಮುಚ್ಚಳ ಕಳಚಿತು. ಪೆನ್ನಿನ ಮೊನೆ ಒಂದು ಸಾಲಿನ ಮೇಲೆ ಬಂದು ನಿಂತಿತು. ರೈಟರಮ್ಮ ಮೇಜಿನ ಮೇಲೆ ಬಾಗಿದಳು.

"ಏನಾದ್ರೂ ತಪ್ಪಾಗಿದೆಯಾ ಸಾರ್?"

ಹೆಂಗಸು ಹೇಳಿದ್ದು 'ಅವರಿಗಾಗಿ ಕಾಯುತ್ತಿದ್ದೆ' ಎಂದು. ಹಲಗೆಯ ಮಾತು ತಲೆಯಲ್ಲಿ ಕೂತಿದ್ದ ರೈಟರಮ್ಮ 'ಅವರಿಗಾಗಿ ಕಾಯುತ್ತಿದ್ದೇನೆ' ಎಂದು ಬರೆದಿದ್ದಳು.

ಪೆನ್ನು ಹಾಳೆಗೆ ತಾಗಲಿಲ್ಲ. ಅವನು ಹಾಳೆಯನ್ನು ಮೆಲ್ಲಗೆ ತಿರುಗಿಸಿ, ಹೆಂಡತಿಯ ಕಡೆ ಸರಿಸಿ, ಆ ಪದದ ಕೆಳಗೆ ಬೆರಳಿಟ್ಟ.

"ಇದು ಸರಿಯಾಗಿದೆಯಾ?" ಎಂದು ಕೇಳಿದ.

ಅವಳು ಕನ್ನಡಕ ಹಾಕಿಕೊಂಡಳು. ಓದಿದಳು.

"ಸರಿಯಾಗಿದೆ," ಎಂದಳು.

ಅವನು ಜಾಮೀನು ಪತ್ರದ ಮೇಲೆ ತನ್ನ ಜಾಗದಲ್ಲಿ ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿದ.