ಪಾರವ್ವನ ವಾಷಿಂಗ್ ಮಶೀನ್

"ನೋಡಾಕ ಇಟ್ಟುಕೋರಿ. ಒರಸ್ರಿ, ಜ್ವಾಕಿ ಮಾಡ್ರಿ. ಅರಿವಿ ಮಾತ್ರ ಹಾಕಬ್ಯಾಡ್ರಿ."

ಮುದುಕಿ ಇದನ್ನು ಹೇಳುವಾಗ ಶರ್ವರಿಯ ಕಡೆ ನೋಡಲಿಲ್ಲ. ಮೂಲೆಯಲ್ಲಿ ಗೋಣಿತಾಟು ಹೊದ್ದು ನಿಂತಿದ್ದ ಯಂತ್ರದ ಕಡೆ ನೋಡುತ್ತಿದ್ದಳು. ಪುಣೆಯ ಸದಾಶಿವ ಪೇಠೆಯ ಆ ಹಳೆಯ ವಾಡೆಯ ಕೆಳಕೋಣೆಗೆ ಕಿಟಕಿ ಇರಲಿಲ್ಲ. ಒದ್ದೆ ಸುಣ್ಣದ ವಾಸನೆ, ಕಲ್ಲಿನ ನೆಲದ ತಂಪು. ಮುಂದಿನ ತಿಂಗಳು ವಾಡೆ ಕೆಡವುತ್ತಾರೆ. ಪಾರವ್ವ ಬಿಬವೇವಾಡಿಯಲ್ಲಿರುವ ತಂಗಿಯ ಮಗಳ ಮನೆಗೆ ಹೋಗಬೇಕು. ಅಲ್ಲಿ ಅವಳಿಗೇ ಜಾಗ ಕಡಿಮೆ. ಗುಜರಿಗೆ ಹಾಕಲು ಮನಸ್ಸಿಲ್ಲದೆ, ಹಳೆಯ ಯಂತ್ರಗಳನ್ನು ಸಾಕುವ ಹುಡುಗಿಯೊಬ್ಬಳಿದ್ದಾಳೆಂದು ಕೇಳಿ ಹೇಳಿಕಳಿಸಿದ್ದಳು.

ಶರ್ವರಿ ಗೋಣಿತಾಟು ಸರಿಸಿದಳು. ಬಿಳಿ ಎನಾಮೆಲ್ಲಿನ ದುಂಡು ತೊಟ್ಟಿ, ಮೂರು ಕಾಲು. ಮೇಲೆ ಬಟ್ಟೆ ಹಿಂಡುವ ಎರಡು ರಬ್ಬರ್ ರೋಲರು. ಅರವತ್ತು ವರ್ಷದ ಮೇಲಾಗಿರಬೇಕು. ಅವಳು ಕೈಯಿಟ್ಟಲ್ಲಿ ಎನಾಮೆಲ್ ತಣ್ಣಗಿತ್ತು.

"ಅರಿವಿ ಹಾಕದಿದ್ರ ಅದು ವಾಷಿಂಗ್ ಮಶೀನ್ ಹೆಂಗಾಗ್ತದ, ಅಜ್ಜಿ?"

ಶರ್ವರಿ ಇಂಜಿನಿಯರಿಂಗ್ ಕಾಲೇಜಿನಲ್ಲಿ ವಿದ್ಯುತ್ ವಿಭಾಗದ ಅಧ್ಯಾಪಕಿ. ಗಂಡ ರಾಜೀವನಿಗೆ ವಿಮಾ ಕಚೇರಿಯಲ್ಲಿ ವರ್ಗವಾದಾಗ ಧಾರವಾಡದಿಂದ ಪುಣೆಗೆ ಬಂದು ಎಂಟು ತಿಂಗಳಾಗಿತ್ತು. ಬಿಬವೇವಾಡಿಯ ನೆಲಮಹಡಿಯ ಮನೆಯ ಹಿಂದಿನ ವರಾಂಡದಲ್ಲಿ ಅವಳ ಮೂರು ಹಳೆಯ ಯಂತ್ರಗಳಿದ್ದವು. ಮೂರೂ ಸರದಿಯ ಮೇಲೆ ಮನೆಯ ಬಟ್ಟೆ ಒಗೆಯುತ್ತಿದ್ದವು. ಓಡದ ಯಂತ್ರವನ್ನು ಇಟ್ಟುಕೊಳ್ಳುವುದೆಂದರೆ ಅವಳಿಗೆ ಹೆಣ ಇಟ್ಟುಕೊಂಡಂತೆ.

ರಾಜೀವ ಹೊಸ್ತಿಲಲ್ಲೇ ನಿಂತು, ಎಡ ಹುಬ್ಬಿನ ಮೇಲಿನ ಗಾಯದ ಗುರುತು ಮೇಲೇರುವಂತೆ ನಕ್ಕ. "ಅಜ್ಜಿ, ಈಕಿ ಮನ್ಯಾಗ ನೋಡಾಕ ಅಂತ ಇಟ್ಟದ್ದು ನನ್ನೊಬ್ಬನ್ನ. ಉಳಿದದ್ದೆಲ್ಲಾ ದುಡೀಬೇಕು."

ಪಾರವ್ವ ನಗಲಿಲ್ಲ. ಹಣೆಯ ಮೇಲೆ ಕಾಸಗಲ ಕುಂಕುಮ. "ಅದಕ್ಕ ಮಾಟ ಮಾಡಿಸಿದ್ದದ," ಎಂದಳು.

"ಹೌದಾ? ಮಾಟಕ್ಕ ಪ್ಲಗ್ ಎಲ್ಲಿ ಹಚ್ಚತಾರ್ರಿ?" ಎಂದು ಶರ್ವರಿ ಕೇಳಿದಳು.

"ನಗ್ರಿ. ನಾನೂ ನಕ್ಕಿದ್ದೆ."

ಟೆಂಪೋದಲ್ಲಿ ಯಂತ್ರ ಏರುವಾಗ ಮುದುಕಿ ಅದರ ಅಂಚನ್ನು ಹಿಡಿದೇ ಇದ್ದಳು. ಗಾಡಿ ಹೊರಟ ಮೇಲೆ ಕೈ ಬಿಟ್ಟಳು.

ದುರಸ್ತಿಗೆ ಎರಡು ಭಾನುವಾರ ಹಿಡಿಯಿತು. ಬೆಲ್ಟು ಬದಲಾಯಿಸಿದಳು. ಮೋಟಾರಿಗೆ ಹೊಸ ವೈರು ಎಳೆದಳು. ತೊಟ್ಟಿಯ ನಡುವೆ ಬಟ್ಟೆ ತಿರುವುವ ಕಂಬವನ್ನು ಎತ್ತಿದಾಗ ಅದರ ಬುಡದಲ್ಲಿ ಅಂಗೈಯಗಲದ ತಾಮ್ರದ ತಗಡು ಸಿಕ್ಕಿತು. ತಗಡಿನ ಮೇಲೆ ಮೊಳೆಯಿಂದ ಗೀರಿದ ಒಂದು ಗಂಡಿನ ಆಕೃತಿ. ಕೈಕಾಲು ಇದ್ದವು, ಮುಖ ಇರಲಿಲ್ಲ. ಅಲುಗಾಟ ನಿಲ್ಲಿಸಲು ಯಾವನೋ ಮೆಕ್ಯಾನಿಕ್ ಸಿಕ್ಕ ತಗಡು ತುರುಕಿದ್ದಾನೆ ಅಂದುಕೊಂಡಳು. ಹಳೆಯ ಯಂತ್ರದೊಳಗೆ ಇದ್ದದ್ದನ್ನು ತೆಗೆಯಬಾರದೆಂಬುದು ಅವಳ ನಿಯಮ. ಹುಣಸೆಹಣ್ಣಿನಿಂದ ತಿಕ್ಕಿ ಹೊಳೆಸಿ, ಇದ್ದಲ್ಲೇ ಇಟ್ಟಳು.

ಮೊದಲ ಒಗೆತಕ್ಕೆ ರಾಜೀವನ ಬಿಳಿ ಅಂಗಿಗಳನ್ನು ಆರಿಸಿದಳು. ಬಿಳಿಯ ಮೇಲೆ ಕೊಳೆ ಹೋದದ್ದು ಬೇಗ ಕಾಣುತ್ತದೆ.

"ಪ್ರಯೋಗ ಎಲ್ಲಾ ನನ್ನ ಅಂಗಿ ಮ್ಯಾಲೆನ?"

"ನಿನ್ನವಕ್ಕ ಹೊಲಸು ಜಾಸ್ತಿ, ರಾಜೀವ."

ಸ್ವಿಚ್ಚು ಒತ್ತಿದಳು. ಗುಡುಂ. ಗುಡುಂ. ಎಲ್ಲೋ ದೂರದ ಹೊಳೆಯಲ್ಲಿ ಬಂಡೆಯ ಮೇಲೆ ಬಟ್ಟೆ ಬಡಿದಂಥ ಸದ್ದು. ರೋಲರಿನ ನಡುವಿನಿಂದ ಅಂಗಿಗಳು ಚಪ್ಪಟೆಯಾಗಿ ಹೊರಬಂದವು. ಹೊಸದಿದ್ದಾಗಲೂ ಅವು ಅಷ್ಟು ಬಿಳಿ ಇರಲಿಲ್ಲ. ಕಾಲರಿನ ಕಂದು ಗೆರೆ ಹೋಗಿತ್ತು. ಜೇಬಿನ ಮಸಿ ಹೋಗಿತ್ತು. ಅವಳು ಒಂದನ್ನು ಮೂಗಿಗೆ ಹಿಡಿದಳು. ಏನೂ ಇಲ್ಲ. ಸೋಪಿನ ವಾಸನೆ ಕೂಡ ಇರಲಿಲ್ಲ.

ನೀರು ಹೊರಹೋಗುವ ಬಾಯಿಯ ಜಾಲರಿಯಲ್ಲಿ ಬೂದು ಬಣ್ಣದ ನೂಲುಕಸ ಕೂತಿತ್ತು. ಮುಷ್ಟಿ ತುಂಬುವಷ್ಟು. ಒಗೆದದ್ದು ತಣ್ಣೀರಿನಲ್ಲಿ. ಕಸ ಮಾತ್ರ ಬೆಚ್ಚಗಿತ್ತು, ಆಗಷ್ಟೇ ಎದ್ದವರ ಹಾಸಿಗೆಯ ಹಾಗೆ. ಅವಳು ಜಾಲರಿಯನ್ನು ಚೆನ್ನಾಗಿ ಉಜ್ಜಿ ತೊಳೆದು, ಕಸವನ್ನು ಬುಟ್ಟಿಗೆ ಹಾಕಿದಳು. ಬೆಳಿಗ್ಗೆ ಕಸದ ಘಂಟಾಗಾಡಿ ಬಂದು ಒಯ್ದಿತು.

ಆಮೇಲೆ ಐದು ಭಾನುವಾರ ರಾಜೀವನ ಅಂಗಿ, ಪ್ಯಾಂಟು, ಬನಿಯನ್ನು, ಟವೆಲ್ಲು, ಹೊದಿಕೆ, ಎಲ್ಲವೂ ಪಾರವ್ವನ ಯಂತ್ರಕ್ಕೇ ಹೋದವು. ಐದು ಮುಷ್ಟಿ ಕಸ ಘಂಟಾಗಾಡಿಗೆ ಹೋಯಿತು.

ಮೊದಲು ದಿಂಬಿನಲ್ಲಿ ತಿಳಿಯಿತು. ಅವನ ದಿಂಬಿಗೆ ಮುಖವಿಟ್ಟರೆ ಅಂಗಡಿಯಿಂದ ಆಗ ತಂದಂತೆ ಇತ್ತು. ಎಣ್ಣೆ ಇಲ್ಲ, ಬೆವರಿಲ್ಲ. ಅವಳು ಅವನ ಕುತ್ತಿಗೆಗೆ ಮೂಗು ತಾಗಿಸಿದಳು. ಅಲ್ಲೂ ಇರಲಿಲ್ಲ.

ಆ ವಾರ ಕಚೇರಿಯ ಹಾಜರಿ ಯಂತ್ರ ಅವನ ಹೆಬ್ಬೆರಳನ್ನು ಗುರುತಿಸಲಿಲ್ಲ. ಬೆರಳ ತುದಿಗಳು ನುಣ್ಣಗಾಗಿದ್ದವು. ಚಹಾದಂಗಡಿಯಲ್ಲಿ ಇಬ್ಬರೂ ಕೂತಿದ್ದಾಗ ಒಂದೇ ಕಪ್ಪು ಬಂತು. "ನಾ ಡಯೆಟ್ ಮಾಡಾಕತ್ತೀನಿ ಅಂತ ಅವಂಗೂ ಗೊತ್ತಾತು ನೋಡು," ಎಂದು ರಾಜೀವ ನಕ್ಕ. ಮರುದಿನವೂ ಒಂದೇ ಕಪ್ಪು ಬಂದಾಗ ನಗಲಿಲ್ಲ.

ಮೇಲಿನ ಮನೆಯ ಇಂದೂ ವಹಿನಿ ಮೆಟ್ಟಿಲಲ್ಲಿ ಸಿಕ್ಕಿ, "ಏಕಟೀ ರಾಹತೇಸ, ಭೀತಿ ನಾಹೀ ವಾಟತ?" ಎಂದಳು. ಒಬ್ಬಳೇ ಇರ್ತೀ, ಹೆದರಿಕೆ ಆಗೋದಿಲ್ಲವಾ ಎಂದು. ರಾಜೀವ ಆಗ ಶರ್ವರಿಯ ಪಕ್ಕದಲ್ಲೇ ತರಕಾರಿ ಚೀಲ ಹಿಡಿದು ನಿಂತಿದ್ದ.

ಶನಿವಾರ ಅವನು ಧಾರವಾಡಕ್ಕೆ, ತನ್ನ ತಾಯಿಗೆ ಫೋನು ಮಾಡಿದ. ಸ್ಪೀಕರಿನಲ್ಲಿ ಆಕೆಯ ದನಿ ಶರ್ವರಿಗೂ ಕೇಳುತ್ತಿತ್ತು.

"ಅವ್ವಾ, ನಾನು ರಾಜು."

"ಯಾವ ರಾಜೂರಿ?"

"ನಿನ್ನ ಮಗಾ, ಅವ್ವಾ."

ಆ ಕಡೆ ಕುಕ್ಕರು ಕೂಗಿತು. ಆಮೇಲೆ ಆಕೆ ಮೆಲ್ಲಗೆ, ನೋಯಿಸಬಾರದೆಂಬ ದನಿಯಲ್ಲಿ ಹೇಳಿದಳು. "ನನಗ ಮಕ್ಕಳಿಲ್ಲರೀ ಯಪ್ಪಾ. ನಂಬರ್ ತಪ್ಪಿರಬೇಕು, ನೋಡ್ರಿ."

ರಾಜೀವ ಫೋನನ್ನು ಮೇಜಿನ ಮೇಲೆ ಬೋರಲು ಹಾಕಿದ. ಮೇಜಿನ ಗೆರೆಗಳು ಅವನ ಕೈಯ ಮೂಲಕ ಕಾಣುತ್ತಿದ್ದವು.

"ಶರೂ," ಎಂದ. "ನನಗ ಹೆದರಿಕಿ ಆಗ್ಲಿಕ್ಹತ್ತದ."

ಪಾರವ್ವ ಹೇಳಿದ ಮಾಟದ ಮಾತು ನೆನಪಾಗಿ, ಆ ದಿನದಿಂದ ಅವಳು ಯಂತ್ರಕ್ಕೆ ಕೈ ಹಚ್ಚಲಿಲ್ಲ. ಆದರೂ ಅವನು ಮಾಸುತ್ತಲೇ ಹೋದ. ಹಾಸಿಗೆಯಲ್ಲಿ ಅವನು ಮಲಗಿದ ಗುಳಿ ಬೀಳುತ್ತಿರಲಿಲ್ಲ. ಬಚ್ಚಲಿನಿಂದ ಬಂದರೆ ನೆಲದ ಮೇಲೆ ಒದ್ದೆ ಹೆಜ್ಜೆ ಮೂಡುತ್ತಿರಲಿಲ್ಲ. ಮದುವೆಯ ಫೋಟೋದಲ್ಲಿ ಅವಳ ಪಕ್ಕ ಒಂದು ಬಿಳಿ ಅಂಗಿ ನಿಂತಿತ್ತು.

ಮಂಗಳವಾರ ಅವಳು ಪಾರವ್ವನನ್ನು ಹುಡುಕಿಕೊಂಡು ಹೋದಳು. ಎರಡೇ ಗಲ್ಲಿಯಾಚೆ. ಮುದುಕಿ ತಂಗಿಯ ಮಗಳ ಮನೆಯ ಬಾಲ್ಕನಿಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದಳು. ಶರ್ವರಿಯ ಮುಖ ನೋಡಿ ಮೊರ ಕೆಳಗಿಟ್ಟಳು.

"ಜಾಲರ್ಯಾಗಿನ ಕಸ ಎಲ್ಲಿಟ್ಟೀರಿ?"

"ಚೆಲ್ಲಿದೆ."

"ಎಲ್ಲಾನೂ?"

ಶರ್ವರಿ ತಲೆಯಾಡಿಸಿದಳು. ಪಾರವ್ವ ಕಣ್ಣು ಮುಚ್ಚಿಕೊಂಡಳು.

"ನನ್ನ ನೆಗೆಣ್ಣಿ, ನಮ್ಮ ಭಾವನ ಹೆಂಡತಿ, ಮಾಡಿಸಿದ್ದು," ಎಂದಳು. "ನಮ್ಮ ಮನಿಯವರು ಮಿಲಿಟರಿ ಕ್ಯಾಂಪಿನ ಹರಾಜಿನಾಗ ತಂದಿದ್ರು ಅದನ್ನ. ಪೇಠ್ಯಾಗ ಲಾಂಡ್ರಿ ಇಟ್ಟಿದ್ವಿ. ಇವ್ರು ಮನಿ ಪಾಲು ಕೇಳಬಾರದು ಅಂತ ಆಕಿ ಶಿರೂರ ಕಡಿಂದ ಒಬ್ಬ ಮಾಟಗಾರನ್ನ ಕರಿಸಿದ್ಲು. ಕೊಂದ್ರ ಪಾಪ ಬರ್ತದಲ್ರಿ. ಅದಕ್ಕ ತೊಳಸಿದ್ಲು."

ಕೆಳಗೆ ರಸ್ತೆಯಲ್ಲಿ ರಿಕ್ಷಾಗಳು ಹೋಗುತ್ತಿದ್ದವು. ಮುದುಕಿ ಹಣೆಯ ಕುಂಕುಮ ಮುಟ್ಟಿಕೊಂಡಳು.

"ಸತ್ತಿದ್ರ ಇದನ್ನ ಅಳಸ್ತಿದ್ದೆ. ಅತ್ತು ಮುಗಸ್ತಿದ್ದೆ. ನಿನ್ನ ಲಗ್ನ ಎಂದ ಆಗಿತ್ತವಾ ಅಂತ ಕೇಳ್ತಾರ ಮಂದಿ. ಹುಚ್ಚಿ ಅಂತಾರ. ನಲವತ್ತು ವರ್ಷ ಆತು."

"ತಿರುಗಿ ತರಾಕ ಆಗೂದಿಲ್ಲೇನ್ರಿ?"

ಪಾರವ್ವ ಮೊರದ ಅಕ್ಕಿಯನ್ನು ಬೆರಳಿನಿಂದ ಒಂದು ಬದಿಗೆ ಸರಿಸಿದಳು.

"ಅದ ತೊಟ್ಟಿ. ನೀರು ತುಂಬಬೇಕು. ಅವರ ಕೈ ನೀರಾಗ ಇರಬೇಕು. ಉಲ್ಟಾ ತಿರಗಬೇಕು. ಮೂರು ಸಲ ಹೆಸರು ಹಿಡದು ಕರೀಬೇಕು, ನೀರಿಗೆ ಬಾಯಿ ಕೊಟ್ಟು. ಕರಿಯಾಕಿ ಹೆಂಡತಿನೇ ಆಗಿರಬೇಕು."

"ನೀವು ಕರೀಲಿಲ್ಲೇನು?"

"ಕರದೆ. ನೀರಿನ ತನಕಾ ಬಂದ್ರು. ಬಂದು ಕೂಡಾಕ ಮೈ ಎಲ್ಲಿತ್ತು? ಪೂರಾ ಹೋಗಿತ್ತು." ಅವಳು ಶರ್ವರಿಯ ಮೊಣಕೈ ಹಿಡಿದಳು. ಹಿಡಿತ ಬಿಗಿಯಾಗಿತ್ತು. "ನಿಮ್ಮವರ ಮೈ ಇನ್ನಾ ಅದ. ಲಗೂ ಮಾಡ್ರಿ. ನಾನೂ ಬರ್ತೀನಿ."

ಶರ್ವರಿ ಅವಳ ಕಾಲು ಮುಟ್ಟಿ ನಮಸ್ಕರಿಸಿದಳು.

ಮೋಟಾರು ತಿರುವುಮುರುವಾಗಿ ಓಡುವಂತೆ ವೈರು ಬದಲಾಯಿಸಲು ಬುಧವಾರ ಇಡೀ ಹೋಯಿತು. ಗುರುವಾರ ಬೆಳಿಗ್ಗೆ ಹನ್ನೊಂದಕ್ಕೆ ಪಾರವ್ವ ಬಂದಳು. ಇಸ್ತ್ರಿ ಮಾಡಿದ ಹಸಿರು ಸೀರೆ ಉಟ್ಟಿದ್ದಳು. ಹೊರಗೆ ಮೋಡ ಕವಿದು ಕತ್ತಲಾಗಿತ್ತು. ಶರ್ವರಿ ವರಾಂಡದ ಶಟರು ಎಳೆದಳು.

ರಾಜೀವ ಸ್ಟೂಲಿನ ಮೇಲೆ ಕೂತ. ಮೊಣಕೈವರೆಗೆ ಕೈಗಳನ್ನು ನೀರಿಗೆ ಬಿಟ್ಟ. ನೀರಿನೊಳಗೆ ಕೈಗಳು ಕಾಣಲಿಲ್ಲ.

ಸ್ವಿಚ್ಚು ಒತ್ತಿದಳು.

ಗುಡುಂ. ಗುಡುಂ.

ನೀರು ಎಡಕ್ಕೆ ತಿರುಗಿತು. ಪಾಚಿಯ ವಾಸನೆ ಎದ್ದಿತು. ಆಮೇಲೆ ತಾಮ್ರದ ವಾಸನೆ. ಅವಳು ಬಗ್ಗಿ ನೀರಿಗೆ ಬಾಯಿ ಕೊಟ್ಟು ಕರೆದಳು. "ರಾಜೀವ."

ಅವನ ಕತ್ತಿನಲ್ಲಿ ಒಂದು ನರ ಮಿಡಿಯಿತು. ತುಟಿಗೆ ಬಣ್ಣ ಬಂತು.

ಅಷ್ಟರಲ್ಲಿ ಕರೆಂಟು ಹೋಯಿತು. ಫ್ಯಾನು ನಿಂತಿತು. ಅಡುಗೆಮನೆಯ ಫ್ರಿಜ್ಜು ಸುಮ್ಮನಾಯಿತು. ತೊಟ್ಟಿ ನಿಲ್ಲಲಿಲ್ಲ. ಕತ್ತಲಲ್ಲಿ ಅದು ತಿರುಗುತ್ತಲೇ ಇತ್ತು.

"ಕರೀರಿ," ಎಂದಳು ಪಾರವ್ವ ಹಿಂದಿನಿಂದ.

"ರಾಜೀ..." ಕೊನೆಯ ಅಕ್ಷರ ಹುಡುಕಬೇಕಾಯಿತು. ಎಲ್ಲೋ ಸಿಕ್ಕಿತು. "ವ."

ಅವನು ಉಸಿರೆಳೆದ. ಎದೆ ಏರಿತು. ಇನ್ನೊಂದು ಸಲ. ಒಂದೇ ಸಲ. ಅವಳು ಬಾಯಿ ತೆರೆದಳು.

ಹೆಸರು ಇರಲಿಲ್ಲ.

ಆರು ವರ್ಷ ಅಡುಗೆಮನೆಯಿಂದ ಕರೆದ ಹೆಸರು. ಲಗ್ನಪತ್ರಿಕೆಯಲ್ಲಿ ಇತ್ತು. ಗ್ಯಾಸಿನ ಪುಸ್ತಕದ ಮೇಲೆ ಇತ್ತು. ಈಗಷ್ಟೇ ಬಾಯಲ್ಲಿತ್ತು. ನಾಲಿಗೆ ಎಲ್ಲಿ ತಾಗಬೇಕೆಂದು ತಿಳಿಯಲಿಲ್ಲ. ನೀರು ನಿಧಾನವಾಗತೊಡಗಿತು. ಅವನು ಅವಳನ್ನೇ ನೋಡುತ್ತಿದ್ದ. ಅವನ ಬಾಯಿ ಆಡುತ್ತಿತ್ತು. ದನಿ ಬರಲಿಲ್ಲ. ಮೊಣಕೈ ಕರಗಿತು. ತೋಳು ಕರಗಿತು. ಗುಡುಂ. ತಡೆದು, ಗುಡುಂ.

"ಅಜ್ಜಿ, ಇವನ ಹೆಸರು. ನಿಮಗ ಗೊತ್ತದ. ಹೇಳ್ರಿ."

"ಗೊತ್ತಿತ್ತವಾ," ಎಂದಳು ಪಾರವ್ವ. "ನನಗೂ ಹೋತು."

ನೀರು ಇನ್ನೊಂದು ಸುತ್ತು ಬಂತು. ಕೊನೆಯದಿರಬೇಕು.

ಪಾರವ್ವ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಹೊಸ್ತಿಲಲ್ಲಿ ತಡೆದ ಅತ್ತಿಗೆ ನಾದಿನಿಯರ ಮುಂದೆ ಹೊಸ ಮದುವಣಗಿತ್ತಿ ನಿಂತ ಹಾಗೆ ನೆಲ ನೋಡುತ್ತಾ ನಿಂತಳು. ಗಂಡನ ಹೆಸರನ್ನು ಅವಳ ಕಾಲದವರು ಬರಿಬಾಯಲ್ಲಿ ಹೇಳುತ್ತಿರಲಿಲ್ಲ, ಒಡಪಿನಲ್ಲಿ ಕಟ್ಟಿ ಹೇಳುತ್ತಿದ್ದರು. ಮರೆಯದಿರಲೆಂದು ನಲವತ್ತು ವರ್ಷ ದಿನಾ ಹೇಳಿಕೊಂಡದ್ದು ಎಲ್ಲಿಯೂ ತೊಡರದೆ ಬಂತು.

"ಹೊಳಿ ದಂಡಿಗೆ ಹಾಸಿದ್ದೆ ಹಸರ ಅಂಚಿನ ಸೀರಿ,
ಹೊಳಬಸಪ್ಪನೋರು ಬರತಾರಂತ ನೋಡತೀನಿ ದಾರಿ."

ತೊಟ್ಟಿ ನಿಂತಿತು.

ನೀರಿನಿಂದ ಎರಡು ಕೈ ಮೇಲೆದ್ದವು. ಗಟ್ಟಿ ಕೈಗಳು. ನೀರು ತೊಟ್ಟಿಕ್ಕಿ ನೆಲದ ಮೇಲೆ ಸದ್ದು ಮಾಡಿತು. ಶರ್ವರಿ ಅವನ್ನು ಹಿಡಿದುಕೊಂಡಳು. ಬೆಚ್ಚಗಿದ್ದವು. ಅವಳಿಗೆ ಅಳು ಬಂತು. ಮೂಗಿಗೆ ವಾಸನೆ ಬಡಿಯಿತು. ಮನುಷ್ಯನ ವಾಸನೆ. ತಂಬಾಕು, ಸುಣ್ಣ, ಅಗ್ಗದ ಬಾರ್ ಸೋಪು.

ಅವಳ ಅಳು ಅಲ್ಲೇ ನಿಂತಿತು.

ಅವನು ಕೈ ಬಿಡಿಸಿಕೊಂಡ, ಪರಸ್ತ್ರೀ ಮುಟ್ಟಿದಾಗ ಬಿಡಿಸಿಕೊಳ್ಳುವ ಮರ್ಯಾದೆಯಲ್ಲಿ. ಅವಳ ಭುಜದಾಚೆ ನೋಡಿದ. ತುಂಬ ಹೊತ್ತು ನೋಡಿದ.

"ಪಾರೀ," ಎಂದ. "ಎಷ್ಟ ಹಣ್ಣಾಗೀಯೇ."

"ತಡಾ ಮಾಡಿದ್ರಿ," ಎಂದಳು ಮುದುಕಿ. ಆಮೇಲೆ ಶರ್ವರಿಯ ಕಡೆ ತಿರುಗಿದಳು. "ಅರಿವಿ ಹಾಕಬ್ಯಾಡ್ರಿ ಅಂದಿದ್ದೆ. ನಿಮ್ಮವರು ಹ್ಯಾಂಗೂ ಹೋಗವರಿದ್ರು, ತಂಗೀ. ಮೈ ಯಾಕ ಹಾಳಾಗಬೇಕು?"

ಶರ್ವರಿ ಓಡಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಎರಡೂ ಕೈ ಚೌಕಟ್ಟಿಗೆ ಚಾಚಿದಳು. ಅವನು ಎದ್ದ. ಒದ್ದೆ ಹೆಜ್ಜೆಗಳು ನೆಲದ ಮೇಲೆ ಒಂದೊಂದೇ ಮೂಡಿದವು. ಅವಳ ಎದುರು ಬಂದು ನಿಂತ. ಎಡ ಹುಬ್ಬಿನ ಮೇಲೆ ಸಣ್ಣ ಗಾಯದ ಗುರುತು. ಈ ಗುರುತನ್ನು ಎಲ್ಲೋ ನೋಡಿದ್ದೇನೆ ಅನ್ನಿಸಿತು. ಎಲ್ಲಿ ಎಂದು ಹೊಳೆಯಲಿಲ್ಲ.

"ದಾರಿ ಬಿಡವಾ, ತಂಗೀ," ಎಂದ ಅವನು.

ಕರೆಂಟು ಬಂತು. ಅಡುಗೆಮನೆಯಲ್ಲಿ ಫ್ರಿಜ್ಜು ಗುನುಗಿತು. ಶರ್ವರಿ ತನ್ನ ಚಾಚಿದ ಕೈಗಳನ್ನು ನೋಡಿಕೊಂಡಳು. ಪಾಪ, ಯಂತ್ರ ಕೊಟ್ಟ ಅಜ್ಜಿ, ಜೊತೆಗೊಬ್ಬ ತೋಳೆಲ್ಲ ಒದ್ದೆಯಾದ ಗಂಡಸು. ತಾನೇಕೆ ಬಾಗಿಲಿಗೆ ಅಡ್ಡ ನಿಂತಿದ್ದೇನೆ?

ಅವಳು ಸರಿದು ನಿಂತಳು.