ಏಳು ಮೊಳದ ನಳಿಗೆ

ಬಹಳ ಹಿಂದೆ, ಕಬ್ಬಿಣಕ್ಕೂ ಮಾತು ಬರುತ್ತಿದ್ದ ಕಾಲದಲ್ಲಿ, ಸಿಂಗಾರಗಡ ಎಂಬ ರಾಜ್ಯವಿತ್ತು. ಅಲ್ಲಿ ಕೋವಿ ಮಾಡುವ ಮೌನಾಚಾರಿ ಎಂಬವನಿದ್ದ. ಹೆಸರು ಮೌನಾಚಾರಿ, ಬಾಯಿ ಮಾತ್ರ ಒಂದು ಗಳಿಗೆ ಸುಮ್ಮನಿರುತ್ತಿರಲಿಲ್ಲ. ಅವನಿಗೊಬ್ಬಳೇ ಮಗಳು, ಕಾಳವ್ವ. ಅಪ್ಪನ ಬೈಗುಳ ಕೇಳುತ್ತ ಕೇಳುತ್ತಲೇ ಕಸುಬು ಕಲಿತವಳು.

ಕರಿಜಡೆ ಎಂಬ ಮಾಂತ್ರಿಕ ಆ ರಾಜ್ಯದ ಮೇಲೆ ಒಂದು ಉಕ್ಕಿನ ಹದ್ದನ್ನು ಬಿಟ್ಟ. ಅದರ ನೆರಳು ಬಿದ್ದವರು ಸೊಂಟದವರೆಗೆ ಕಲ್ಲಾಗುತ್ತಿದ್ದರು. ದಿನವೂ ನಡುಮಧ್ಯಾಹ್ನ ಹದ್ದು ಸುತ್ತು ಹಾಕಿದಾಗ ಕಲ್ಲು ಮೇಲೇರುತ್ತಿತ್ತು. ಮೊದಲ ದಿನ ಕೊರಳಿಗೆ, ಎರಡನೇ ದಿನ ಮೂಗಿಗೆ, ಮೂರನೇ ದಿನ ಪೂರ್ತಿ. ಹದ್ದಿನ ಕೊರಳಲ್ಲೊಂದು ತಾಮ್ರದ ಉಂಗುರವಿತ್ತು. ಮಾಂತ್ರಿಕನ ಶಕ್ತಿಯೆಲ್ಲ ಅದರೊಳಗೇ ಇತ್ತು.

ಒಂದು ದಿನ ಅಂಗಳದಲ್ಲಿ ನಿಂತಿದ್ದ ಮೌನಾಚಾರಿಯ ಮೇಲೆ ಆ ನೆರಳು ಬಿತ್ತು. ಕಾಳವ್ವ ಅಳಲಿಲ್ಲ, ಅಳಲು ಪುರುಸೊತ್ತೆಲ್ಲಿ? ಅರಮನೆಗೆ ಓಡಿದಳು. ಹದ್ದಿನ ಎತ್ತರಕ್ಕೆ ಗುಂಡು ಮುಟ್ಟಿಸುವ ನಳಿಗೆ, ಎಂದರೆ ಕೋವಿಯ ಕೊಳವೆ, ರಾಜ್ಯದಲ್ಲಿ ಅಲ್ಲೊಂದೇ ಇತ್ತು. ಸಿಡಿಲುಕಬ್ಬಿಣದ್ದು, ಏಳು ಮೊಳ ಉದ್ದ, ತೂತು ಕೊರೆದು ಒರಟಾಗಿಯೇ ಬಿಟ್ಟದ್ದು. ಅದರ ತುದಿಯಲ್ಲಿ ರಾಜರ ತಾತ ಸಿಂಹಮುದ್ರೆ ಕೊರೆಸಿದ್ದರು. ಮುದ್ರೆಯ ಮೇಲೆ ಉಳಿ ಇಟ್ಟವರ ಕೈ ಕಡಿಯುವುದು ಅಲ್ಲಿನ ಕಟ್ಟಳೆ.

ಕಾಳವ್ವ ರಾಜರನ್ನು ಬೇಡಿ ಆ ನಳಿಗೆಯನ್ನು ಅಪ್ಪನ ಕೆಲಸದ ಕೊಟ್ಟಿಗೆಗೆ ತಂದು ತಿರುಗಣಿಗೆ ಏರಿಸಿದಳು. ತಿರುಗಣಿ ಎಂದರೆ ಕಬ್ಬಿಣವನ್ನು ಎರಡು ತುದಿಯಲ್ಲೂ ಹಿಡಿದು ಗಿರಗಿರನೆ ತಿರುಗಿಸುವ ಯಂತ್ರ. ಆಳುಗಳು ಚಕ್ರ ತಿರುವಿದರು, ಅವಳು ಉಳಿ ಇಟ್ಟಳು.

"ಅಯ್ಯೋ, ನನ್ನ ಸೊಂಟ!" ಎಂದಿತು ನಳಿಗೆ.

ಕಾಳವ್ವ ಕಿವಿಗೊಡಲಿಲ್ಲ. ಮರುದಿನ ನಡುಮಧ್ಯಾಹ್ನ ಹದ್ದು ಬಂತು. ಕೊಟ್ಟಿಗೆಯ ಮಾಡಿನಡಿ ನಿಂತು ಗುಂಡು ಹಾರಿಸಿದಳು. ಗುಂಡು ಎತ್ತಲೋ ಹೋಯಿತು. ಅಪ್ಪ ಕೊರಳವರೆಗೆ ಕಲ್ಲಾದ.

ಬಾಯಿ ಮಾತ್ರ ನಿಲ್ಲಲಿಲ್ಲ. "ಏಳು ಮೊಳದ ಕಬ್ಬಿಣಕ್ಕೆ ಎರಡೇ ತುದಿ ಸಾಕೇನೇ? ನಡುವೆ ಜೋತು ಬಿದ್ದು ಅದುರ್ತಿದೆ. ಆಸರೆ ಕೊಡೇ, ಆಸರೆ!"

ಮರುದಿನ ಕಾಳವ್ವ ನಳಿಗೆಯ ನಡುವೆ ಬೆರಳಗಲದ ಪಟ್ಟಿಯೊಂದನ್ನು ಮೆಲ್ಲಗೆ, ತೆಳ್ಳತೆಳ್ಳಗೆ ಕಡೆದು ನುಣುಪು ಮಾಡಿದಳು. ಅಲ್ಲಿ ಮೂರು ಹಿತ್ತಾಳೆ ಬೆರಳುಗಳ ಆಸರೆ ನಿಲ್ಲಿಸಿ ಬಿಗಿದಳು. ನಳಿಗೆ ಹೊಗೆಯಾಡಿ ಕಿರುಚಿತು.

"ಹಿಸುಕಬೇಡ ಕಣೇ! ಮುಟ್ಟಿಸು ಅಷ್ಟೆ. ಮಗುವಿಗೆ ಜ್ವರ ನೋಡೋ ಹಾಗೆ!" ಎಂದು ಅಪ್ಪ ಕೂಗಿದ.

ಅವಳು ಸಡಿಲಿಸಿ ಎಣ್ಣೆ ಬಿಟ್ಟಳು. ಆಹಾ! ನಳಿಗೆ ಒಂದಿಷ್ಟೂ ಅದುರದೆ ತಿರುಗಿತು. ಮುದ್ರೆಯೊಂದನ್ನು ಬಿಟ್ಟು ಮೈಯೆಲ್ಲ ಕನ್ನಡಿಯಾಯಿತು. ಕಾಳವ್ವ ಕುಣಿದಾಡಿದಳು. ಹದ್ದು ಬಂತು, ಕೋವಿ ಗುಡುಗಿತು, ಗುಂಡು ಮೂರು ಮಾರು ಪಕ್ಕಕ್ಕೆ ಹೋಯಿತು. ಈ ಸಲ ಅಪ್ಪನ ಬಾಯಿಯೂ ಕಲ್ಲಾಯಿತು.

ಅಷ್ಟು ವರ್ಷ ಬೇಡವೆನಿಸಿದ್ದ ಆ ಬೈಗುಳಕ್ಕಾಗಿ ಅವಳ ಜೀವ ಹಾತೊರೆಯಿತು. "ಅಪ್ಪಯ್ಯ, ಎಲ್ಲಿ ತಪ್ಪಿದೆ? ಹೇಳು!"

ಉಳಿದದ್ದು ಕಣ್ಣೆರಡೇ. ಮೂರನೆಯ ದಿನ ಬೆಳಗಾದರೂ ಅವು ನಳಿಗೆಯ ತೂತನ್ನೇ ದುರುಗುಟ್ಟಿ ನೋಡುತ್ತಿದ್ದವು. ಕಾಳವ್ವ ನೇರವಾದ ಸಲಾಕೆಯೊಂದನ್ನು ಹುಡುಕಿ ತೂತಿಗೆ ಬಿಗಿಯಾಗಿ ತೂರಿಸಿ ಚಕ್ರ ತಿರುವಿಸಿದಳು. ನಳಿಗೆ ಅಲುಗಲಿಲ್ಲ, ಸಲಾಕೆಯ ತುದಿ ಮಾತ್ರ ಸುತ್ತಸುತ್ತ ಕುಣಿಯಿತು!

"ನಾನೆಂಥ ದಡ್ಡಿ!" ಎಂದು ಹಣೆ ಚಚ್ಚಿಕೊಂಡಳು. ಮುದ್ರೆ ಮುಟ್ಟುವಂತಿಲ್ಲವೆಂದು ನಳಿಗೆಯ ಹೊರಮೈ ಅಳೆದೇ ಅದು ತಿರುಗುವ ನಡುಬಿಂದು ಗುರುತಿಸಿದ್ದಳು. ಆ ರಾಜ್ಯದವರೆಲ್ಲ ಹಾಗೇ ಮಾಡುತ್ತಿದ್ದರು. ತೂತು ಮಾತ್ರ ಒಂದು ಮಗ್ಗುಲಿಗೆ ವಾಲಿತ್ತು. ಗುರಿ ನೋಡುವುದು ಹೊರಮೈ ಮೇಲೆ, ಗುಂಡು ಹೋಗುವುದು ಒಳದಾರಿಯಲ್ಲಿ. ಎರಡೂ ಒಂದೇ ನಡುವಿನ ಸುತ್ತ ಇರಲೇಬೇಕಿತ್ತು.

ಸಲಾಕೆಯ ತುದಿ ಕುಣಿಯದಂತೆ ನಳಿಗೆಯನ್ನು ಸರಿಸಿ ಸರಿಸಿ ಕೂರಿಸಿದಳು. ಈಗ ಸಿಂಹಮುದ್ರೆಯ ಮಗ್ಗುಲು ಉಬ್ಬಿ ನಿಂತಿತು. ಕಡೆಯಲೇಬೇಕು! ಅವಳು ಉಳಿ ಎತ್ತಿದ್ದೇ ಆಳುಗಳು ಚಕ್ರ ಬಿಟ್ಟು ಓಡಿದರು. ಸುದ್ದಿ ತಿಳಿದು ರಾಜರೇ ಧಾವಿಸಿ ಬಂದರು.

"ಏನಮ್ಮಾ, ನಮ್ಮ ತಾತನ ಮುದ್ರೆ ಅಳಿಸ್ತೀಯಾ?"

"ಹೌದು ಮಹಾಸ್ವಾಮಿ. ಹದ್ದು ಬಿದ್ದ ಮೇಲೆ ಕೈ ಕಡೀರಿ, ಬೇಡ ಅನ್ನಲ್ಲ. ಈಗ ಚಕ್ರ ತಿರುವೋರು ಬೇಕು. ಹೊತ್ತು ನೆತ್ತಿಗೆ ಬರ್ತಿದೆ!"

ರಾಜರು ಕಲ್ಲಾದ ಮೌನಾಚಾರಿಯನ್ನು ನೋಡಿದರು, ಮುದ್ರೆಯನ್ನು ನೋಡಿದರು. ಕಿರೀಟ ತೆಗೆದು ಇದ್ದಿಲ ಬುಟ್ಟಿಯ ಮೇಲಿಟ್ಟು ಚಕ್ರಕ್ಕೆ ಕೈ ಹಾಕಿದರು. ಸಿಂಹ ಸುರುಳಿ ಸುರುಳಿಯಾಗಿ ನೆಲಕ್ಕುದುರಿತು.

"ಈಗ ಹಾಯಾಯ್ತು," ಎಂದಿತು ನಳಿಗೆ.

ಕೋವಿ ಸಜ್ಜಾಗುವುದಕ್ಕೂ ಹದ್ದು ಬರುವುದಕ್ಕೂ ಸರಿಹೋಯಿತು. ಕಾಳವ್ವ ಉಸಿರು ಹಿಡಿದು ಗುರಿಯಿಟ್ಟಳು. ಢಂ! ತಾಮ್ರದ ಉಂಗುರ ಚೂರುಚೂರಾಯಿತು. ಹದ್ದು ಗುಜರಿಯಾಗಿ ಉದುರಿತು, ಅದರ ಜೊತೆಗೆ ಮೋಡದ ಮರೆಯಿಂದ ಕರಿಜಡೆಯೂ ಹುಲ್ಲಿನ ಬಣವೆಯ ಮೇಲೆ ದೊಪ್ಪನೆ ಬಿದ್ದ. ಅವನಲ್ಲಿ ಒಂದು ಮಂತ್ರವೂ ಉಳಿದಿರಲಿಲ್ಲ.

ಊರ ತುಂಬ ಕಲ್ಲಾಗಿದ್ದವರು ಮೈ ಕೊಡವಿ ಎದ್ದರು. ರಾಜರು ಹಳೆಯ ಕಟ್ಟಳೆಯನ್ನು ಅಲ್ಲೇ ರದ್ದು ಮಾಡಿದರು. ಕರಿಜಡೆಗೆ ಕೊಟ್ಟಿಗೆಯಲ್ಲಿ ಕಬ್ಬಿಣದ ಸುರುಳಿ ಗುಡಿಸುವ ಕೆಲಸ ಸಿಕ್ಕಿತು. ಮೌನಾಚಾರಿ ನೆಟ್ಟಗೆ ನಳಿಗೆಯ ಬಳಿ ಹೋಗಿ ಸಲಾಕೆ ತೂರಿಸಿ, ರಾಜರ ಕೈಲಿ ಚಕ್ರ ತಿರುವಿಸಿ ನೋಡಿದ.

"ಇನ್ನೂ ಕೂದಲೆಳೆಯಷ್ಟು ಅಲುಗುತ್ತೆ ಕಣೇ," ಎಂದ.

ಕಾಳವ್ವ ಅಪ್ಪನನ್ನು ಬಾಚಿ ತಬ್ಬಿಕೊಂಡಳು. "ಬೈಯಿ ಅಪ್ಪಯ್ಯ, ಇನ್ನೂ ಬೈಯಿ!" ಎಂದಳು. ಅವನು ಬೈಯುತ್ತ, ಅವಳು ನಗುತ್ತ, ಸಿಂಗಾರಗಡದವರೆಲ್ಲ ನೂರು ಕಾಲ ಸುಖವಾಗಿ ಬಾಳಿದರು.